ಗೋಡೆ ತಪ್ಪಿದ ಕಳ್ಳರು

ರೋಮ್ ನಗರದ ಒಂದು ಮನೆಯೊಳಗೆ ನಡುರಾತ್ರಿ ನಾಲ್ಕು ಜನ ಗೋಡೆ ಒಡೆಯುತ್ತಿದ್ದಾರೆ. ಗೋಡೆಯಾಚೆ ಗಿರವಿ ಕಚೇರಿ, ಅದರೊಳಗೆ ತಿಜೋರಿ. ಹೊಂಚು ಹಾಕಿದ್ದಾಗಿದೆ, ನಕ್ಷೆ ಬರೆದದ್ದಾಗಿದೆ, ತಿಜೋರಿ ತೆರೆಯುವ ವಿದ್ಯೆಯನ್ನು ಗುರುವಿನಿಂದ ಕಲಿತದ್ದೂ ಆಗಿದೆ. ಇಟ್ಟಿಗೆ ಉದುರಿ ಧೂಳು ಇಳಿದ ಮೇಲೆ ತೂತಿನಿಂದ ಇಣುಕಿದರೆ ಕಾಣುವುದು ಅದೇ ಮನೆಯ ಅಡುಗೆಕೋಣೆ. ಮನೆಯವರು ಮೇಜು ಕುರ್ಚಿಗಳನ್ನು ಅತ್ತಿಂದಿತ್ತ ಮಾಡಿದ್ದರಿಂದ ಇವರಿಗೆ ಗೋಡೆಯ ಲೆಕ್ಕವೇ ತಪ್ಪಿದೆ. ಬೆಳಗಾಗುವುದರೊಳಗೆ ಇನ್ನೊಂದು ಗೋಡೆ ಒಡೆಯಲು ಹೊತ್ತಿಲ್ಲ. ಆದರೆ ಅಡುಗೆಮನೆಯಲ್ಲಿ ಕಡಲೆಕಾಳು ಹಾಕಿ ಮಾಡಿದ ಪಾಸ್ತಾ ಇದೆ. ನಾಲ್ವರೂ ಕೂತು ಉಣ್ಣತೊಡಗುತ್ತಾರೆ.

ಮಾರಿಯೋ ಮೋನಿಚೆಲ್ಲಿ ನಿರ್ದೇಶಿಸಿದ ‘ಇ ಸೋಲಿತಿ ಇನ್ಯೋತಿ’ ಬಂದದ್ದು 1958ರಲ್ಲಿ. ಹೊರಜಗತ್ತು ಅದನ್ನು ‘ಬಿಗ್ ಡೀಲ್ ಆನ್ ಮಡೋನಾ ಸ್ಟ್ರೀಟ್’ ಎಂದು ಕರೆಯಿತು. ಮೂರು ವರ್ಷ ಮೊದಲು ಫ್ರಾನ್ಸಿನಿಂದ ‘ರಿಫಿಫಿ’ ಎಂಬ ಚಿತ್ರ ಬಂದಿತ್ತು. ಆಭರಣದಂಗಡಿಗೆ ಕನ್ನ ಹಾಕುವ ನುರಿತ ಕಳ್ಳರನ್ನು ಅರ್ಧ ಗಂಟೆ ಮಾತಿಲ್ಲದೆ ತೋರಿಸಿದ ಗಂಭೀರ ಚಿತ್ರ ಅದು. ಮೋನಿಚೆಲ್ಲಿ ಮತ್ತು ಅವನ ಬರಹಗಾರರಾದ ಆಜೆ, ಸ್ಕಾರ್ಪೆಲ್ಲಿ, ಸೂಸೋ ಚೆಕ್ಕಿ ದಾಮೀಕೋ ಅದನ್ನು ಅಣಕಿಸಲು ಹೊರಟರು. ಹೊರಟ ಮೇಲೆ ಅಣಕಕ್ಕಿಂತ ದೊಡ್ಡದೊಂದು ಅವರ ಕೈಗೆ ಸಿಕ್ಕಿತು. ಯುದ್ಧ ಮುಗಿದು ಹದಿಮೂರು ವರ್ಷವಾಗಿದ್ದರೂ ಕೆಲಸವಿಲ್ಲದ, ಇದ್ದ ಕೆಲಸದಲ್ಲೂ ಹೊಟ್ಟೆ ತುಂಬದ ರೋಮಿನ ಹೊರವಲಯದ ಬದುಕು ಅದು.

ಆ ಕಳ್ಳರನ್ನು ನೋಡಿ. ತಿಬೇರಿಯೋ ಫೋಟೋಗ್ರಾಫರ್, ಆದರೆ ಕ್ಯಾಮೆರಾ ಮಾರಿಕೊಂಡಿದ್ದಾನೆ. ಕಳ್ಳ ಸಿಗರೇಟು ಮಾರಿದ್ದಕ್ಕೆ ಹೆಂಡತಿ ಜೈಲಿನಲ್ಲಿದ್ದಾಳೆ, ಸದಾ ಅಳುವ ಕೂಸು ಇವನ ಕಂಕುಳಲ್ಲಿ. ಈ ಪಾತ್ರದಲ್ಲಿ ಮಾರ್ಚೆಲ್ಲೋ ಮಸ್ತ್ರೋಯಾನ್ನಿಯಂಥ ಚೆಲುವ ಮಗುವಿನ ಬಟ್ಟೆ ಒಗೆಯುತ್ತ ಕಳ್ಳತನದ ಮಾತಾಡುತ್ತಾನೆ. ಕಾಪನ್ನೆಲ್ಲೆ ಎಂಬ ಹಲ್ಲಿಲ್ಲದ ಮುದುಕ ಎಲ್ಲಿ ಹೋದರೂ ಏನಾದರೂ ತಿನ್ನುತ್ತಿರುತ್ತಾನೆ. ಮುಖಂಡ ಪೆಪ್ಪೆ ಸೋತ ಬಾಕ್ಸರ್. ಈ ಪಾತ್ರ ಮಾಡಿದ ವಿತ್ತೋರಿಯೋ ಗಾಸ್ಮನ್ ಅದುವರೆಗೆ ರಂಗಭೂಮಿಯ ಗಂಭೀರ ನಾಟಕಗಳ ದೊಡ್ಡ ನಟ. ಅವನಿಂದ ನಗಿಸಲಾದೀತೆ ಎಂದು ನಿರ್ಮಾಪಕರಿಗೆ ಅಳುಕಿತ್ತು. ಅದಕ್ಕೇ ಮೂಗಿಗೆ ನಕಲಿ ಮೂಗು ಅಂಟಿಸಿ, ಹಣೆ ಚಿಕ್ಕದಾಗಿಸಿ, ಮಾತಿಗೆ ತೊದಲು ಕೊಟ್ಟು ಬೇರೆಯೇ ಮನುಷ್ಯನನ್ನು ಮಾಡಿದರು. ನೇಪಲ್ಸಿನ ಮಹಾ ಹಾಸ್ಯನಟ ತೊತೋ ತಿಜೋರಿ ಒಡೆಯುವ ವಿದ್ಯೆಯ ಮೇಷ್ಟ್ರಾಗಿ ಸ್ವಲ್ಪ ಹೊತ್ತು ಬಂದು ಹೋಗುತ್ತಾನೆ. ಮಹಡಿಯ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ ಅವನು ಪಾಠ ಹೇಳುವ ಗತ್ತು ಇವತ್ತಿಗೂ ಮಾಸಿಲ್ಲ.

ಇದೇ ಚಿತ್ರದಲ್ಲಿ ಕೋಸಿಮೋ ಎಂಬವನಿದ್ದಾನೆ. ಈ ಇಡೀ ಹಂಚಿಕೆ ಮೊದಲು ಹೊಳೆದದ್ದು ಅವನಿಗೆ. ಪೆಪ್ಪೆ ಜೈಲಿನಲ್ಲಿ ಅವನನ್ನು ಯಾಮಾರಿಸಿ ಅದನ್ನು ತಿಳಿದುಕೊಂಡದ್ದು. ಹೊರಗೆ ಬಂದ ಕೋಸಿಮೋ ಸಿಟ್ಟಿನಿಂದ ಒಬ್ಬನೇ ಪಿಸ್ತೂಲು ಹಿಡಿದು ಗಿರವಿ ಕಚೇರಿಗೆ ನುಗ್ಗುತ್ತಾನೆ. ಕಿಟಕಿಯಾಚೆಯ ಗುಮಾಸ್ತ ಆ ಪಿಸ್ತೂಲನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಅಡವಿಟ್ಟರೆ ಇಷ್ಟು ಕೊಡಬಹುದು ಎಂದು ಬೆಲೆ ಹೇಳುತ್ತಾನೆ. ನಾವು ನಕ್ಕು ಮುಗಿಸುವ ಮೊದಲೇ ಕೋಸಿಮೋ ಬೀದಿಯಲ್ಲಿ ಒಬ್ಬ ಹೆಂಗಸಿನ ಕೈಚೀಲ ಕಸಿಯಲು ಹೋಗಿ ಟ್ರ್ಯಾಮಿನ ಅಡಿಗೆ ಬಿದ್ದು ಸಾಯುತ್ತಾನೆ. ಕಳ್ಳರೆಲ್ಲ ಅವನ ಮಣ್ಣಿಗೆ ಹೋಗುತ್ತಾರೆ. ಚಿತ್ರ ಆಮೇಲೆ ಮತ್ತೆ ನಗುವಿನ ದಾರಿಗೆ ಬರುತ್ತದೆ, ಆದರೆ ಒಂದು ಸಾವನ್ನು ದಾಟಿಕೊಂಡು ಬರುತ್ತದೆ.

ಇಂಥ ಚಿತ್ರ ಒಂದೇ ಲಯದಲ್ಲಿ ಹೋಗುವುದಿಲ್ಲ. ನಡುವೆ ಪ್ರೇಮದ ಎಳೆಗಳು ಸಡಿಲವಾಗಿವೆ. ತಂಗಿಯನ್ನು ಕೋಣೆಯಲ್ಲಿ ಕೂಡಿಹಾಕುವ ಸಿಸಿಲಿಯ ಅಣ್ಣನ ತಮಾಷೆಯನ್ನು ಅಗತ್ಯಕ್ಕಿಂತ ಹೆಚ್ಚು ಸಲ ಹೇಳಿದ್ದಾರೆ. ಆ ತಂಗಿಯಾಗಿ ಬರುವ ಕ್ಲೌದಿಯಾ ಕಾರ್ದಿನಾಲೆಗೆ ಮುಂದೆ ದೊಡ್ಡ ಹೆಸರು ಬಂತು, ಇಲ್ಲಿ ಮಾತ್ರ ಮಾಡಲು ಹೆಚ್ಚು ಕೆಲಸವಿಲ್ಲ. ಆದರೆ ನನಗೆ ಅನಿಸುವುದು ಹೀಗೆ: ಈ ಏರುಪೇರಿನಿಂದಲೇ ಚಿತ್ರಕ್ಕೆ ಜೀವ ಬಂದಿದೆ. ಕಳ್ಳತನ ಹೇಗಾಯಿತು ಎಂಬುದಕ್ಕಿಂತ ಕಳ್ಳನ ಮನೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬ ಕಡೆಗೆ ನಿರ್ದೇಶಕನ ಕಣ್ಣು ಮತ್ತೆ ಮತ್ತೆ ಸರಿಯುತ್ತದೆ. ಹಾಗೆ ಸರಿದಾಗಲೆಲ್ಲ ಹಂಚಿಕೆಯ ಬಿಗಿ ಹೋಗುತ್ತದೆ, ಮನುಷ್ಯರು ಹತ್ತಿರವಾಗುತ್ತಾರೆ. ಮಾರ್ಕೋ ವಿಕಾರಿಯೋ 1965ರಲ್ಲಿ ಮಾಡಿದ ‘ಸೆವೆನ್ ಗೋಲ್ಡನ್ ಮೆನ್’ ಇದಕ್ಕೆ ಎದುರು ಸಾಕ್ಷಿ. ಬ್ಯಾಂಕಿನ ಚಿನ್ನ ಹಗಲಲ್ಲೇ ನೆಲದಡಿಯಿಂದ ಹೋಗುತ್ತದೆ, ಯಂತ್ರಗಳು ಹೇಳಿದ ಹಾಗೆ ಕೇಳುತ್ತವೆ, ಎಲ್ಲ ಅಚ್ಚುಕಟ್ಟು. ನೋಡುವಾಗ ಖುಷಿ. ವಾರ ಕಳೆದ ಮೇಲೆ ಆ ಏಳು ಜನರಲ್ಲಿ ಒಬ್ಬನ ಮುಖವೂ ನನ್ನ ನೆನಪಿಗೆ ಬರಲಿಲ್ಲ. ಮರುವರ್ಷ ದೀನೋ ರೀಸಿ ಮಾಡಿದ ‘ಒಪೆರಾತ್ಸಿಯೋನೆ ಸಾನ್ ಜೆನ್ನಾರೋ’ ಈ ಎರಡರ ನಡುವೆ ನಿಲ್ಲುತ್ತದೆ. ನೇಪಲ್ಸಿನ ಊರದೇವರಂಥ ಸಂತನ ಒಡವೆಗಳನ್ನೇ ಕದಿಯುವ ಕತೆ. ಕದಿಯುವ ಮೊದಲು ಸಂತನ ಮುಂದೆ ನಿಂತು ಅಪ್ಪಣೆ ಬೇಡುವ ಕಳ್ಳರು ನಮಗೆ ಪರಕೀಯರೇನಲ್ಲ.

ಕನ್ನಡದಲ್ಲಿ ಮೋನಿಚೆಲ್ಲಿಯ ಚಿತ್ರದ ನೆಂಟ ಯಾರು? ಬಾಂಡ್ ಮಾದರಿಯ ರಾಜ್‌ಕುಮಾರ್ ಚಿತ್ರಗಳು, ‘ಜೇಡರ ಬಲೆ’, ‘ಗೋವಾದಲ್ಲಿ ಸಿ.ಐ.ಡಿ. 999’, ಪತ್ತೇದಾರನ ಕಡೆಯಿಂದ ಕತೆ ಹೇಳುವಂಥವು. ಕಳ್ಳನ ಕಡೆ ನಿಂತು, ಅವನ ಹಂಚಿಕೆ ಕೆಡುವುದನ್ನು ಕರುಣೆಯಿಂದ ನೋಡಿದ ಚಿತ್ರ ಬೇಕೆಂದರೆ ನಾನು ಹೇಳುವುದು ‘ತಿಥಿ’. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಆ ಊರಿನವರೇ ಆದ ಈರೇಗೌಡರ ಬರವಣಿಗೆಯ ಜೊತೆಗೂಡಿ ರಾಮ್ ರೆಡ್ಡಿ ನಿರ್ದೇಶಿಸಿದ ಈ ಚಿತ್ರ 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಗೆದ್ದಿತು. ಆಮೇಲೆ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿಯೂ ಬಂತು. ತೆರೆಯ ಮೇಲಿರುವವರು ಹಳ್ಳಿಯ ಜನ, ವೃತ್ತಿನಟರಲ್ಲ. ಚಾಮರಾಜನಗರ ಜಿಲ್ಲೆಯ ನಮ್ಮ ಕುದೇರಿನಂಥ ಊರಿನವರಿಗೆ ಆ ಮಾತಿನ ವರಸೆ ಅರ್ಥವಾಗಲು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಸಂತೇಮರಹಳ್ಳಿ ಕಡೆಯ ಮಾತಿಗೂ ಅದಕ್ಕೂ ದಾಯಾದಿ ಸಂಬಂಧ.

ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಜಮೀನು ಅವನ ಹೆಸರಿನಲ್ಲಿದೆ. ಮೊಮ್ಮಗ ತಮ್ಮಣ್ಣನಿಗೆ ಅದನ್ನು ಮಾರಬೇಕು. ನಡುವೆ ಇರುವವನು ಅಪ್ಪ ಗಡ್ಡಪ್ಪ, ಆಸ್ತಿಯ ಗೊಡವೆಯೇ ಬೇಡವೆಂದು ದಿನವಿಡೀ ಸುತ್ತುವ ಮುದುಕ. ತಮ್ಮಣ್ಣ ಹೂಡುವ ಉಪಾಯವೆಂದರೆ ಬದುಕಿರುವ ಅಪ್ಪನ ಹೆಸರಿಗೆ ಮರಣ ಪತ್ರ ಮಾಡಿಸುವುದು, ಅಪ್ಪನನ್ನು ಊರು ಬಿಡಿಸಿ ಕಳಿಸುವುದು. ಅದಕ್ಕೆ ಸಾಲ, ಲಂಚ, ಓಡಾಟ. ಇತ್ತ ಅವನ ಮಗ ಅಭಿ ತಿಥಿಯ ಊಟಕ್ಕೆ ಕುರಿ ತರಲು ಕೊಟ್ಟ ದುಡ್ಡನ್ನು ಇಸ್ಪೀಟಿನಲ್ಲಿ ಕಳೆದು, ಕೊನೆಗೆ ಕುರಿ ಕದಿಯಲು ಇಳಿಯುತ್ತಾನೆ. ಅಪ್ಪನದು ಕಾಗದದ ಕಳ್ಳತನ, ಮಗನದು ಕುರಿಯ ಕಳ್ಳತನ. ಸತ್ತನೆಂದು ಕಾಗದ ಹೇಳುವ ಗಡ್ಡಪ್ಪ ಕುರಿಗಾಹಿಗಳ ಜೊತೆ ಹಾಯಾಗಿ ಕೂತಿರುವಾಗ ಇದೆಲ್ಲ ಎಷ್ಟು ದಿನ ನಿಂತೀತು? ಇಲ್ಲೂ ಚಿತ್ರದ ಕಣ್ಣು ಹಂಚಿಕೆಯಿಂದ ಪದೇ ಪದೇ ಆಚೆ ಹೋಗುತ್ತದೆ. ಬೆಂಕಿಯ ಸುತ್ತ ಕೂತ ಕುರಿಗಾಹಿಗಳಿಗೆ ಗಡ್ಡಪ್ಪ ತನ್ನ ಹೆಂಡತಿಯ, ತನ್ನ ಅಪ್ಪನ ವಿಚಾರ ಹೇಳುವ ಹೊತ್ತಿಗೆ ಇಡೀ ಚಿತ್ರ ಕತ್ತಲಿಗೆ ಇಳಿಯುತ್ತದೆ. ಅವನು ಯಾಕೆ ಏನನ್ನೂ ಹಿಡಿದುಕೊಳ್ಳುವುದಿಲ್ಲ ಎಂಬುದು ಅಲ್ಲಿ ತಿಳಿಯುತ್ತದೆ. ಕೋಸಿಮೋನ ಸಾವು ಮೋನಿಚೆಲ್ಲಿಯ ಚಿತ್ರಕ್ಕೆ ಮಾಡುವುದನ್ನೇ ಈ ಮಾತು ‘ತಿಥಿ’ಗೆ ಮಾಡುತ್ತದೆ. ನಗು ನಿಲ್ಲುವುದಿಲ್ಲ, ಆದರೆ ಇನ್ನು ಮುಂದೆ ಯಾರನ್ನು ನೋಡಿ ನಗುತ್ತಿದ್ದೇವೆ ಎಂಬುದು ಗೊತ್ತಿರುತ್ತದೆ.

ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಉಂಡೂ ಹೋದ ಕೊಂಡೂ ಹೋದ’ (1992) ಇನ್ನೊಂದು ಬಗೆಯದು. ಸರ್ಕಾರಿ ಅಧಿಕಾರಿಯ ಸೋಗಿನಲ್ಲಿ ಹಳ್ಳಿಗೆ ಬಂದು, ಪಶು ಆಸ್ಪತ್ರೆ ಮಾಡಿಸಿಕೊಡುತ್ತೇನೆಂದು ಊರನ್ನೇ ನಂಬಿಸುವ ವಂಚಕನಾಗಿ ಅನಂತ್ ನಾಗ್. ಜಿಲ್ಲೆಯ ಹಾಲು ಒಕ್ಕೂಟ ಚಾಮುಲ್ ಇರುವ ಊರು ನಮ್ಮದು. ಹಸುವಿಗೆ ಜ್ವರ ಬಂದರೆ ಮನೆಯ ತಿಂಗಳ ಲೆಕ್ಕವೇ ಏರುಪೇರಾಗುವ ಕಡೆ ಆ ಆಸೆಯ ತೂಕ ಎಷ್ಟೆಂದು ಯಾರಿಗೂ ಹೇಳಬೇಕಿಲ್ಲ. ಊರಿನವರು ದಡ್ಡರಾಗಿದ್ದರಿಂದ ಮೋಸ ಹೋಗುವುದಲ್ಲ, ಅವರಿಗೆ ಆಸ್ಪತ್ರೆ ನಿಜಕ್ಕೂ ಬೇಕಾಗಿದ್ದರಿಂದ ಮೋಸ ಹೋಗುತ್ತಾರೆ. ಅನಂತ್ ನಾಗ್ ಅವರ ನಯವಾದ ಮಾತು ಇಲ್ಲಿ ಗಾಸ್ಮನ್ನನ ಗತ್ತಿಗೆ ಸಾಟಿಯಾಗಿ ನಿಲ್ಲುತ್ತದೆ.

ಇನ್ನು, ಇಂಥದೇ ಏರುಪೇರಿನ, ಬಿಡಿ ಕತೆಗಳನ್ನು ಒಟ್ಟಿಗೆ ಕಟ್ಟಿದ ಚಿತ್ರಗಳ ವಿಚಾರ. ಇಲ್ಲಿ ನಮ್ಮ ಸೀಮೆಯ ಕೇಳುಗರಿಗೆ ಬೇರೆಯವರಿಗಿಲ್ಲದ ಒಂದು ಅನುಭವ ಮೊದಲೇ ಇದೆ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆ ಮಾದೇಶ್ವರ ಕಾವ್ಯ, ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯ, ಎರಡೂ ಸಾಲು ಸಾಲಾಗಿ, ಅಂದರೆ ಬಿಡಿ ಬಿಡಿ ಕತೆಗಳಾಗಿ, ನಿಂತಿವೆ. ಸಂಕಮ್ಮನ ಸಾಲು, ಬೇವಿನಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು. ಇಡೀ ಕಾವ್ಯ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ‘ಸಂಕಮ್ಮನ ಸಾಲು ಎತ್ಕೊಳಿ ಬುದ್ದಿ’ ಎಂದು ಕೂತವರು ಕೇಳುತ್ತಾರೆ, ಗುಡ್ಡರು ಅದನ್ನು ಎತ್ತಿಕೊಳ್ಳುತ್ತಾರೆ. ಒಂದು ಸಾಲಿನಲ್ಲಿ ಅಳು, ಇನ್ನೊಂದರಲ್ಲಿ ಜಿಪುಣರ ಗೇಲಿ. ಶ್ರವಣ ದೊರೆಯ ಸಾಲಿಗೆ ಬಂದರೆ ಅಲ್ಲಿರುವುದು ಪಕ್ಕಾ ಸಂಚಿನ ಕತೆ. ದೇವರನ್ನೆಲ್ಲ ಸೆರೆಯಲ್ಲಿಟ್ಟ ದೊರೆಯನ್ನು ಮಾದಪ್ಪ ಅರಗಿನ ಪಾದರಕ್ಷೆಯ ಉಪಾಯದಿಂದ ಮುಗಿಸುತ್ತಾನೆ. ಎಲ್ಲ ಸಾಲೂ ಒಂದೇ ಅಳತೆಗೆ ಇರಬೇಕೆಂದು ಯಾರೂ ಕೇಳುವುದಿಲ್ಲ. ಬೇಕಾದ ಸಾಲನ್ನು ಮತ್ತೆ ಮತ್ತೆ ಹಾಡಿಸಿಕೊಳ್ಳುತ್ತಾರೆ, ಬೇಡದ್ದು ಬಂದಾಗ ಎದ್ದು ಕಾಫಿ ಕುಡಿದು ಬರುತ್ತಾರೆ. ಇಟಲಿಯ ಕಥಾಗುಚ್ಛ ಚಿತ್ರಗಳನ್ನು ನೋಡಲು ಇದಕ್ಕಿಂತ ಒಳ್ಳೆಯ ರೀತಿ ನನಗೆ ಕಾಣುವುದಿಲ್ಲ.

ಆ ಚಿತ್ರಗಳು ಅಷ್ಟೊಂದು ಏರುಪೇರಾಗಲು ಲೆಕ್ಕಾಚಾರದ ಕಾರಣವೂ ಇತ್ತು. 1960ರ ದಶಕದ ಇಟಲಿಯಲ್ಲಿ ಇವು ನಿರ್ಮಾಪಕರಿಗೆ ಅನುಕೂಲದ ಸರಕು. ಮೂರೋ ನಾಲ್ಕೋ ದೊಡ್ಡ ನಿರ್ದೇಶಕರ ಹೆಸರು ಒಂದೇ ಪೋಸ್ಟರಿನ ಮೇಲೆ ಬರುತ್ತದೆ, ತಾರೆಯರ ಕೆಲವೇ ದಿನಗಳ ಕಾಲ್‌ಶೀಟು ಸಾಕಾಗುತ್ತದೆ, ಬೇರೆ ದೇಶದ ಬಂಡವಾಳವೂ ಸುಲಭವಾಗಿ ಸೇರುತ್ತದೆ. ನಿರ್ಮಾಪಕರಲ್ಲಿ ಕಾರ್ಲೋ ಪೊಂತಿಗೆ ತಾರೆ ಸೋಫಿಯಾ ಲೋರೆನ್ ಹೆಂಡತಿ. ದೀನೋ ದೆ ಲೌರೆಂತಿಸ್‌ಗೆ ಸಿಲ್ವಾನಾ ಮಾಂಗಾನೋ ಹೆಂಡತಿ. ಮಾಂಗಾನೋಳ ಚೆಲುವನ್ನು ಐದು ವೇಷದಲ್ಲಿ ತೋರಿಸಲೆಂದೇ ಹುಟ್ಟಿದ ಚಿತ್ರ 1967ರ ‘ಲೆ ಸ್ತ್ರೇಗೆ’. ಇಂಥ ಕಡೆ ಕೆಲವು ಕತೆಗಳು ಬರಿಯ ಪ್ರದರ್ಶನವಾಗಿ ಉಳಿದವು, ಬೇಗ ಹಳಸಿದವು.

‘ಬೊಕ್ಕಾಚ್ಚೋ 70’ (1962) ಪೊಂತಿ ನಿರ್ಮಿಸಿದ್ದು. ಮೋನಿಚೆಲ್ಲಿ, ಫೆಲಿನಿ, ವಿಸ್ಕೊಂತಿ, ದೆ ಸೀಕಾ ನಾಲ್ವರೂ ಒಂದೊಂದು ಕತೆ ಮಾಡಿದರು. ಫೆಲಿನಿಯದು ಜಾಹೀರಾತು ಫಲಕದಿಂದ ಇಳಿದುಬರುವ ದೈತ್ಯ ಸುಂದರಿಯ ಕತೆ, ಒಂದು ಹಾಸ್ಯವನ್ನು ಹಿಗ್ಗಿಸಿ ಹಿಗ್ಗಿಸಿ ಸವೆಸಿದ್ದು. ವಿಸ್ಕೊಂತಿಯದು ಚೆಂದದ ಕೋಣೆಗಳು, ತಣ್ಣಗಿನ ಮನಸ್ಸುಗಳು. ಮೋನಿಚೆಲ್ಲಿಯ ‘ರೆಂಜೋ ಮತ್ತು ಲುಚಾನಾ’ದಲ್ಲಿ ಮಾತ್ರ ದೊಡ್ಡ ತಾರೆಯರೇ ಇಲ್ಲ. ಮಿಲಾನಿನ ಕಂಪನಿಯೊಂದರಲ್ಲಿ ದುಡಿಯುವ ಹುಡುಗ ಹುಡುಗಿ ಕದ್ದು ಮದುವೆಯಾಗುತ್ತಾರೆ, ಯಾಕೆಂದರೆ ಮದುವೆಯಾದ ಹೆಣ್ಣಿಗೆ ಅಲ್ಲಿ ಕೆಲಸವಿಲ್ಲ. ಕೊನೆಗೆ ಅವನಿಗೆ ರಾತ್ರಿ ಪಾಳಿ, ಅವಳಿಗೆ ಹಗಲು. ಒಬ್ಬರು ಎದ್ದ ಹಾಸಿಗೆಗೆ ಇನ್ನೊಬ್ಬರು ಬಂದು ಮಲಗುವ ಸಂಸಾರ. ಇಟಾಲೋ ಕಾಲ್ವಿನೋ ಕತೆಯಿಂದ ಬಂದದ್ದು ಇದು. ಕಾನ್ ಚಿತ್ರೋತ್ಸವಕ್ಕೆ ಹೋಗುವಾಗ, ಹೊರದೇಶಗಳಲ್ಲಿ ಬಿಡುಗಡೆಯಾಗುವಾಗ ನಿರ್ಮಾಪಕರು ಕತ್ತರಿಸಿ ಹಾಕಿದ್ದು ಇದನ್ನೇ. ಪ್ರತಿಭಟಿಸಿ ಉಳಿದ ನಿರ್ದೇಶಕರು ಕಾನ್‌ಗೆ ಹೋಗಲಿಲ್ಲ. ಇವತ್ತು ನಾಲ್ಕೂ ಕತೆ ಸೇರಿಸಿ ನೋಡಿದರೆ ಎದೆಗೆ ತಾಗುವುದು ಆ ಕತ್ತರಿಸಿದ ಕತೆಯೇ. ಅದನ್ನು ಕಿತ್ತು ಎಸೆದ ತೀರ್ಮಾನದ ಬಗ್ಗೆ ನನಗೆ ಇನ್ನೂ ಸಿಟ್ಟಿದೆ.

ದೆ ಸೀಕಾನ ‘ನಿನ್ನೆ ಇಂದು ನಾಳೆ’ (1963) ಆಸ್ಕರ್ ಗೆದ್ದ ಚಿತ್ರ. ಮೂರು ಕತೆ, ಮೂರರಲ್ಲೂ ಲೋರೆನ್ ಮತ್ತು ಮಸ್ತ್ರೋಯಾನ್ನಿ. ಮೊದಲನೆಯದರಲ್ಲಿ ನೇಪಲ್ಸಿನ ಅದೆಲೀನಾ ಕಳ್ಳ ಸಿಗರೇಟು ಮಾರುವವಳು. ಬಸುರಿಯನ್ನು, ಹಸುಗೂಸಿನ ತಾಯಿಯನ್ನು ಜೈಲಿಗೆ ಹಾಕುವಂತಿಲ್ಲ ಎಂಬ ಕಾನೂನು ಗೊತ್ತಾದ ಮೇಲೆ ಅವಳು ಬಸುರಿಯಾಗುತ್ತಲೇ ಇರುತ್ತಾಳೆ. ಮನೆ ತುಂಬ ಮಕ್ಕಳು, ಗಂಡ ಬಡಕಲಾಗುತ್ತ ಹೋಗುತ್ತಾನೆ. ಓಣಿಯ ಜನರೆಲ್ಲ ಅವಳ ಹೊಟ್ಟೆಯನ್ನು ಊರ ಹಬ್ಬದ ಹಾಗೆ ಸಂಭ್ರಮಿಸುತ್ತಾರೆ. ನಾಟಕಕಾರ ಎದ್ವಾರ್ದೋ ದೆ ಫಿಲಿಪ್ಪೋ ಬರೆದದ್ದು. ಅಲ್ಲಿ ಒಂದು ಬೀದಿಯೇ ಉಸಿರಾಡುತ್ತದೆ. ಎರಡನೆಯದು ಮಿಲಾನಿನ ಸಿರಿವಂತೆ ಕಾರಿನಲ್ಲಿ ಕೂತು ಮಾತಾಡುವುದು, ಅಷ್ಟೇ. ಮೂರನೆಯದರಲ್ಲಿ ಲೋರೆನ್ ಬಟ್ಟೆ ಕಳಚುವ ದೃಶ್ಯ ಜಗತ್ತಿನಲ್ಲೆಲ್ಲ ಹೆಸರಾಯಿತು. ಅದರ ಎದುರು ಕೂತು ಊಳಿಡುವ ಮಸ್ತ್ರೋಯಾನ್ನಿ ಚೆನ್ನಾಗಿದ್ದಾನೆ. ಆದರೂ ನಾನು ಮತ್ತೆ ಹಾಕಿ ನೋಡುವುದು ಅದೆಲೀನಾಳನ್ನು.

ಇವೆಲ್ಲಕ್ಕಿಂತ ಹಿಂದಿನದು, ಇವೆಲ್ಲಕ್ಕಿಂತ ದೊಡ್ಡದು ದೆ ಸೀಕಾನದೇ ‘ಲೋರೋ ದಿ ನಾಪೊಲಿ’ (1954). ಜುಸೆಪ್ಪೆ ಮರೊತ್ತಾನ ಕತೆಗಳಿಂದ ಎತ್ತಿಕೊಂಡ ಆರು ಪ್ರಸಂಗ. ಪೀಟ್ಸಾ ಮಾರುವ ಲೋರೆನ್ ಉಂಗುರ ಕಳೆದುಕೊಂಡು, ಹಿಟ್ಟಿನಲ್ಲಿ ಬಿದ್ದಿರಬೇಕೆಂದು ಗಂಡನ ಜೊತೆ ಗಿರಾಕಿಗಳ ಮನೆ ಮನೆ ಸುತ್ತುವುದು ಒಂದು. ಜೂಜಿನ ಚಟದ ಜಮೀನ್ದಾರನೊಬ್ಬ ಬಾಗಿಲು ಕಾಯುವವನ ಪುಟ್ಟ ಮಗನ ಜೊತೆ ಇಸ್ಪೀಟಾಡಿ ಸೋಲುತ್ತಲೇ ಹೋಗುವುದು ಇನ್ನೊಂದು. ಜಮೀನ್ದಾರ ಸ್ವತಃ ದೆ ಸೀಕಾ, ನಿಜಜೀವನದಲ್ಲೂ ಜೂಜಿಗೆ ಸಿಕ್ಕಿಕೊಂಡಿದ್ದವನು. ಇವುಗಳ ನಡುವೆ ಒಂದು ಮಗುವಿನ ಶವಯಾತ್ರೆ. ತಾಯಿ ಮಗುವಿನ ಪೆಟ್ಟಿಗೆಯ ಹಿಂದೆ ನಡೆಯುತ್ತ ಬೀದಿ ಮಕ್ಕಳಿಗೆ ಮಿಠಾಯಿ ಎರಚುತ್ತಾಳೆ, ಮಕ್ಕಳು ಮುಗಿಬಿದ್ದು ಆಯುತ್ತಾರೆ. ಹೊರದೇಶಕ್ಕೆ ಹೋದ ಪ್ರತಿಗಳಲ್ಲಿ ಇದನ್ನೂ ಕತ್ತರಿಸಿದ್ದರು. ಹಾಸ್ಯಚಿತ್ರದಲ್ಲಿ ಸಾವೇಕೆ ಎಂಬ ಅಂಜಿಕೆ.

ಕನ್ನಡದಲ್ಲಿ ಈ ಬಗೆಗೆ ದಾರಿ ಹಾಕಿದವರು ಪುಟ್ಟಣ್ಣ ಕಣಗಾಲ್. 1976ರಲ್ಲಿ ತೆರೆಗೆ ಬಂದ ‘ಕಥಾಸಂಗಮ’ದಲ್ಲಿ ಮೂರು ಕತೆ: ಗಿರಡ್ಡಿ ಗೋವಿಂದರಾಜರ ‘ಹಂಗು’, ವೀಣಾ ಎಲಬುರ್ಗಿಯವರ ‘ಅತಿಥಿ’, ಈಚನೂರು ಜಯಲಕ್ಷ್ಮಿಯವರ ‘ಮುನಿತಾಯಿ’. ಹಾಸ್ಯಚಿತ್ರವಲ್ಲ ಇದು, ಆದರೆ ಏರುಪೇರಿನ ಗುಣ ಇದರಲ್ಲೂ ಇದೆ. ಮೊದಲೆರಡು ಕತೆ ನೋಡಿಸಿಕೊಂಡು ಹೋಗುತ್ತವೆ, ಮೂರನೆಯದು ಬಿಟ್ಟುಹೋಗುವುದಿಲ್ಲ. ಕುರುಡಿ ಮುನಿತಾಯಿಯಾಗಿ ಆರತಿ, ಅವಳ ಗಂಡನಾಗಿ ಗಂಗಾಧರ್, ಅವಳ ಬದುಕಿಗೆ ಕೇಡಾಗಿ ಬರುವ ಯುವಕ ರಜನೀಕಾಂತ್, ಅವನ ಜೊತೆಗಿರುವ ತಿಮ್ಮರಾಯನಾಗಿ ಎಂ.ಎಸ್. ಉಮೇಶ್. ಮುಂದೆ ನೂರಾರು ಚಿತ್ರಗಳಲ್ಲಿ ನಾಡನ್ನು ನಗಿಸಿದ ಉಮೇಶ್ ಇಲ್ಲಿ ಮೈ ಜುಮ್ಮೆನಿಸುತ್ತಾರೆ. ಅತ್ಯುತ್ತಮ ಪೋಷಕ ನಟನ ರಾಜ್ಯಪ್ರಶಸ್ತಿ ತಂದುಕೊಟ್ಟ ಪಾತ್ರ ಇದು. ಇದೇ ಕತೆ 1984ರಲ್ಲಿ ಮಹೇಂದ್ರನ್ ನಿರ್ದೇಶನದಲ್ಲಿ ‘ಕೈ ಕೊಡುಕ್ಕುಂ ಕೈ’ ಎಂಬ ಪೂರ್ಣ ತಮಿಳು ಚಿತ್ರವಾಯಿತು. ಆಗ ರಜನೀಕಾಂತ್ ಗಂಡನ ಪಾತ್ರಕ್ಕೆ ಬಂದರು. ಗುಚ್ಛದ ಒಂದು ಕತೆಗೆ ಎಷ್ಟು ಕಸುವಿದ್ದೀತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ನಲವತ್ತು ವರ್ಷಗಳಾಚೆ, 2019ರ ಡಿಸೆಂಬರಿನಲ್ಲಿ, ಅದೇ ಹೆಸರಿನಲ್ಲಿ ರಿಷಬ್ ಶೆಟ್ಟಿ ಏಳು ಕತೆ, ಏಳು ನಿರ್ದೇಶಕರ ಚಿತ್ರ ತಂದರು. ಏಳರಲ್ಲಿ ಕೆಲವು ಜಾಣ್ಮೆಯ ಕಸರತ್ತಾಗಿ ಉಳಿದವು. ಉತ್ತರ ಕರ್ನಾಟಕದ ಅಜ್ಜಿಯೊಬ್ಬಳು ಬೆಂಗಳೂರಿನಲ್ಲಿ ದಾರಿ ತಪ್ಪುವ ‘ಲಚ್ಚವ್ವ’ ಮಾತ್ರ ಬೇರೆ ಹದದ್ದು. ಅದರ ನಿರ್ದೇಶಕ ಜೈಶಂಕರ್ ಆರ್ಯರ್ ಮುಂದೆ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ‘ಶಿವಮ್ಮ’ ಮಾಡಿದರು. 2022ರ ಬೂಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಶಾಲೆಯಲ್ಲಿ ಅಡುಗೆ ಮಾಡುವ ಶಿವಮ್ಮ ಕಷ್ಟ ಕಳೆಯಲೆಂದು ಚೈನ್ ಮಾರ್ಕೆಟಿಂಗಿನ ಶಕ್ತಿಪುಡಿ ಮಾರಲು ಹೊರಡುತ್ತಾಳೆ. ಬಂಧುಗಳನ್ನು, ನೆರೆಹೊರೆಯನ್ನು ಒಪ್ಪಿಸುತ್ತಾಳೆ, ಊರು ಅವಳಿಗೆ ತಿರುಗಿಬೀಳುತ್ತದೆ, ಅವಳ ಹಟ ಇಳಿಯುವುದಿಲ್ಲ. ಪೆಪ್ಪೆ, ತಿಬೇರಿಯೋ, ಅದೆಲೀನಾ ಇದ್ದ ಓಣಿಗೆ ಇವಳೂ ಸೇರಿದವಳು. ಹಣದ ಆಸೆಗಿಂತ ಹೆಚ್ಚಾಗಿ, ಒಂದು ಸಲವಾದರೂ ಲೆಕ್ಕ ತನ್ನ ಕಡೆ ವಾಲಲಿ ಎಂಬ ಆಸೆ ಇವರದು.

ಹಾಸ್ಯದ ಕಥಾಸಂಗಮವೊಂದನ್ನು ನಮ್ಮ ಜಿಲ್ಲೆಯವರು ಮಾಡಿದರೆ ನೋಡಲು ಮೊದಲು ಹೋಗುವವರಲ್ಲಿ ನಾನೊಬ್ಬ. ಸರಕಿಗೆ ಬರವಿಲ್ಲ. ಬೆಳಗಿನ ಜಾವ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಸಾಲಿನಲ್ಲೇ ಒಂದು ಚಿತ್ರವಿದೆ. ಹಾಲಿನಲ್ಲಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ಯಂತ್ರ ಹೇಳಿದ ಮೇಲೆ ಲೀಟರಿನ ರೇಟು ತೀರ್ಮಾನವಾಗುತ್ತದೆ. ಒಂದು ಚೊಂಬು ನೀರನ್ನು ಆ ಯಂತ್ರದ ಕಣ್ಣು ತಪ್ಪಿಸಿ ದಾಟಿಸಬೇಕೆಂದು ರಾತ್ರಿಯೆಲ್ಲ ಯೋಚಿಸುವ ಒಬ್ಬ, ಅವನ ಮುಖ ನೋಡಿಯೇ ವಿಷಯ ತಿಳಿಯುವ ಕಾರ್ಯದರ್ಶಿ, ಹಿಂದೆ ನಿಂತು ಉಸಿರು ಬಿಗಿಹಿಡಿದ ಹೆಂಡತಿ. ಆ ನೀರು ಯಾಕೆ ಬೇಕಾಯಿತು ಎಂಬುದರಿಂದ, ಅಂದರೆ ಅವನ ಕೊಟ್ಟಿಗೆಯಿಂದ, ಬ್ಯಾಂಕಿನ ಪಾಸ್‌ಬುಕ್ಕಿನಿಂದ, ಮಗಳ ಶಾಲೆಯ ಫೀಸಿನಿಂದ ಆ ಕತೆ ಶುರುವಾಗಬೇಕು. ಯಂತ್ರದ ಮುಂದಿನ ಗಡಿಬಿಡಿ ಆಮೇಲೆ ಬರಲಿ.